ಹೆಮ್ಮಿಗೆ ಕಡವಿನಲ್ಲಿ ಒಂದು ಸುತ್ತು

ಹಳೇ ಕೊಡೆಯ ಚೀಲದೊಳಗೆ ಗಾಳದ ಕೋಲು,
ಸ್ಕೂಟರಿನ ಬಗಲಿಗೆ ಕಟ್ಟಿದ್ದು.
ನಸುಕಿಗೆ ನರಸೀಪುರ ದಾಟುವಾಗ
ಡೈರಿ ಮುಂದೆ ಹಾಲಿನ ಕ್ಯಾನುಗಳು ಮಾತ್ರ ಎದ್ದು ಕೂತಿದ್ದವು.

ನಾನು ಗಡಿಯಾರ ರಿಪೇರಿಯವನು.
ಮಾರ್ಕೆಟ್ಟಿನ ಹಿಂಬದಿ ಮೂರಡಿ ಅಂಗಡಿ,
ಕಣ್ಣಿಗೊಂದು ಗಾಜು, ಬೆರಳಿಗೊಂದು ಚಿಮುಟ.
ಕೀಲಿ ಕೊಡಬೇಕಾದ ಕಾಲವನ್ನು ಈಗ ಯಾರೂ ಇಟ್ಟುಕೊಂಡಿಲ್ಲ.
ಬಿಡುವಾದಾಗ ರೀಲು ಬಿಚ್ಚುತ್ತೇನೆ:
ಒಂಬತ್ತು ಬೇರಿಂಗು, ಹಿತ್ತಾಳೆಯ ಹಲ್ಲು,
ಬಿಗಿ ಸಡಿಲ ಮಾಡುವ ಚುಕ್ಕಿಯಾಕಾರದ ತಿರುಪು.
ಒಂದೊಂದಕ್ಕೆ ಸೂಜಿ ಮೊನೆಯಷ್ಟು ಎಣ್ಣೆ.
ಕಿವಿಗೆ ಹಿಡಿದರೆ ಟಿಕ್ಕೆನ್ನುವುದಿಲ್ಲ,
ಶ್ ಅನ್ನುತ್ತದೆ, ಯಾರನ್ನೋ ಸುಮ್ಮನಿರಿಸುವಂತೆ.

ನಿಂಗಾಜಮ್ಮ ಆಗಲೇ ಹರಿಗೋಲು ಮಗುಚಿ
ಡಾಂಬರಿನ ತೇಪೆ ಒತ್ತಿ ನೋಡುತ್ತಿದ್ದಳು.
"ಜೋಡು ಅಲ್ಲೇ ಬುಡಿ," ಅಂದಳು,
ನಮಸ್ಕಾರಕ್ಕೆ ಬದಲು.
ಅವಳೆದುರಿಗೆ ಕೂರಬೇಕು, ಎದ್ದು ನಿಲ್ಲಕೂಡದು;
ನಾನೆಷ್ಟು ಭಾರವೋ ಅಷ್ಟು ಹಿಂದಕ್ಕೆ ಅವಳು ವಾಲುತ್ತಾಳೆ.
ನೀರಿಗೆ ಉಗುಳಕೂಡದು.
ಎದುರು ಬಂದ ಬಲೆಯವನನ್ನು ‘ಎಷ್ಟಾಯ್ತು’ ಅಂತ ಕೇಳಕೂಡದು.
ಕೇಳಿದ್ದೆ ಒಮ್ಮೆ, ಹೋದ ಆಷಾಢದಲ್ಲಿ.
ಆತ ನನ್ನ ಮುಖ ನೋಡದೆ ಅವಳನ್ನು ನೋಡಿದ.
ಆ ದಿನವೆಲ್ಲ ಅವಳು ನನ್ನ ಮೇಲೆ
ಒಂದು ಮಾತೂ ಖರ್ಚು ಮಾಡಲಿಲ್ಲ.

ಮಾಧವಮಂತ್ರಿ ಕಟ್ಟೆಯ ಹಿಂದೆ
ನೀರು ಕೀಲಿ ಮುಗಿದಂತೆ ನಿಂತಿತ್ತು.
ಯಾರದೋ ಬಲೆಯ ಬೆಂಡುಗಳು ಸಾಲಾಗಿ:
ಹವಾಯಿ ಚಪ್ಪಲಿ ಕತ್ತರಿಸಿದ ನೀಲಿ ಚೂರು.
ಬಳಸಿಕೊಂಡು ದಾಟಿದಳು, ಹುಟ್ಟು ಎತ್ತಿ ಹಿಡಿದು,
ಹನಿ ಕೂಡ ಮೆಲ್ಲಗೆ ಬೀಳಲಿ ಅನ್ನುವ ಹಾಗೆ.

ಆಗ ಕಂಡಿತು ಜೊಂಡಿನ ಬುಡದಲ್ಲಿ ಕೆಂಪು.
ಮೊರದಗಲ, ಮಿಜಿಮಿಜಿ,
ಯಾರೋ ಕೇಸರಿಬಾತಿನ ತಪ್ಪಲೆ ತೊಳೆದಂತೆ.
ಕೊರಮೀನಿನ ಮರಿಗಳು.
ಉಸಿರಿಗೆ ಮೇಲೆ ಬಂದು, ಒಟ್ಟಿಗೆ ಮುಳುಗಿ, ಮತ್ತೆ ಬಂದು.
ನನಗೆ ಗೊತ್ತಿತ್ತು, ಕೆಳಗೆ ತಾಯಿ ಇದೆ, ತಂದೆ ಇದೆ,
ಮೊಳದುದ್ದ, ಊಟ ಮರೆತು ಕಾವಲು.
ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತವೆ.
ಸಿಟ್ಟಿಗೆ ಕಚ್ಚಿದ ಬಾಯಿ ಬೇಗ ಬಿಡುವುದಿಲ್ಲ.

ರಬ್ಬರ್ ಕಪ್ಪೆ ತೆಗೆದೆ.
ಹಳದಿ ಹೊಟ್ಟೆ, ಬೆನ್ನಿಗೆ ಆತುಕೊಂಡ ಎರಡು ಮುಳ್ಳು,
ಮುನ್ನೂರೈವತ್ತು ರೂಪಾಯಿ.
ಗಂಟು ನಾನೇ ಹಾಕಿದ್ದು, ಐದು ಸುತ್ತು,
ಎಂಜಲು ಹಚ್ಚಿ ಬಿಗಿದದ್ದು.
ಕೋಲು ಹಿಂದಕ್ಕೆ ಹೋಯಿತು.
ಹೆಬ್ಬೆರಳು ಬಿಟ್ಟೆ.

ಲೋಕ ತಿರುಗಿತು.
ಲೋಕವಲ್ಲ, ಹರಿಗೋಲು.
ಕಟ್ಟೆ, ಜೊಂಡು, ಸೂರ್ಯ, ಮತ್ತೆ ಕಟ್ಟೆ;
ನಿಂಗಾಜಮ್ಮನ ಮುಖ ಒಂದೇ ಇದ್ದಲ್ಲಿ ಇತ್ತು.
ತಂಗೂಸು ನನ್ನ ಕೊರಳಿಗೆ ಎರಡು ಸುತ್ತು,
ರೀಲಿನ ಬಾಯಲ್ಲಿ ಎಣ್ಣೆ ಕಾಣದ ತಲೆಯಂಥ ಸಿಕ್ಕು.
ಕಪ್ಪೆ ಹೋಗಿ ಬಿದಿರಿನ ಅಂಚು ಕಚ್ಚಿತ್ತು,
ಅವಳ ಮೊಣಕಾಲಿನಿಂದ ನಾಲ್ಕು ಬೆರಳು ಆಚೆ.

ಹುಟ್ಟು ತೊಡೆಯ ಮೇಲೆ ಮಡಗಿ ಅಂದಳು:
"ಬಾಣಂತಿ ಮನೆ ಕನ ಬುದ್ಧಿ ಅದು.
ಬಾಗ್ಲಿಲ್ಲ ಅಂತ ನುಗ್ಗೋದಾ?"
ಸ್ವಲ್ಪ ಹೊತ್ತು ಬಿಟ್ಟು:
"ತಲಕಾಡಲ್ಲಿ ಹಿಂಗೊಂದ್ ಸುತ್ತು ಹೊಡ್ಸಿದ್ರೆ
ನೂರು ರೂಪಾಯಿ ಇಸ್ಕತಾರೆ.
ನಿಮ್ಗೆ ಪುಕ್ಸಟ್ಟೆ ಆಯ್ತು."

ಸಿಕ್ಕು ಬಿಡಿಸಲು ಕೂತೆ. ಕಣ್ಣಿನ ಗಾಜು ತಂದಿರಲಿಲ್ಲ.
ಕೊಯ್ದು ಹಾಕಿ ಅಂತ ಅವಳೂ ಅನ್ನಲಿಲ್ಲ,
ನೂಲಿನ ತುದಿ ತನ್ನ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು
ಬಲೆ ಹೆಣೆಯುವವರ ಹಾಗೆ ಎಳೆದು ಹಿಡಿದಳು.
ಅಷ್ಟರಲ್ಲಿ ಆ ಕೆಂಪು
ನಮ್ಮ ನೆರಳಿನೊಳಗೇ ಬಂದು,
ಉಸಿರು ತೆಗೆದುಕೊಂಡು ಹೋಯಿತು. ಮೂರು ಸಲ.

ಕೊನೆಗೆ ಸಿಕ್ಕಿದ್ದು ಎರಡು ಜಿಲೇಬಿ ಮೀನು,
ಅದೂ ಎರೆಹುಳಕ್ಕೆ, ಅದೂ ಅವಳ ಕೈದಾರಕ್ಕೆ.

ಕಡವಿನಲ್ಲಿ ಒಬ್ಬ ಹೊಸಬ ಕಾಯುತ್ತಿದ್ದ,
ಬೆನ್ನಿಗೆ ಕಪ್ಪು ಚೀಲ, ಕೋಲಿಗೆ ಇನ್ನೂ ಅಂಗಡಿಯ ಚೀಟಿ.
"ಎಷ್ಟಾಯ್ತು ಸಾರ್?"
ನಾನು ಅವನ ಮುಖ ನೋಡಲಿಲ್ಲ.
ನಿಂಗಾಜಮ್ಮನನ್ನು ನೋಡಿದೆ.
ಅವಳು ಅವನ ಕಾಲು ನೋಡುತ್ತಿದ್ದಳು.
"ಜೋಡು," ಅಂದಳು.