ಹೇಳಿ ಹೋಗುವುದು

ಆಧಾರ್ ಕಾರ್ಡು ನೋಡಿದೆ, ಸಂಬಳ ಹೇಳಿದೆ,
ಟೀವಿ ಹಚ್ಚಿ ಕೂರಿಸಬಾರದು ಎಂದೆ.
ಕೋಡಿಬಾಗದ ಶೆವಂತಿ ಹರಿಕಂತ್ರ
ಎಲ್ಲಕ್ಕೂ ಹೂಂ ಅಂದಳು;
ನಡುವೆ ಮಗನ ಮುಷ್ಟಿ ಬಿಡಿಸಿ
ನಾನು ಕಾಣದ ಗುಂಡಿಯೊಂದನ್ನು ತೆಗೆದು
ಮೇಜಿನ ಮೇಲಿಟ್ಟಳು.

ಆಮೇಲೆ ಅವಳದೊಂದು ಪ್ರಶ್ನೆ:
ನಿದ್ದೆ ಬಂದರೆ ಯಾವ ಕಿವಿ ಹಿಡ್ಕೊಳ್ತಾನೆ?
ನಾನು ಇವರ ಮುಖ ನೋಡಿದೆ.
ಇವರು ಫ್ಯಾನು ನೋಡಿದರು.

ಸೋಮವಾರ. ಕೈಗಾ ಬಸ್ಸು ಆರೂಮುಕ್ಕಾಲಿಗೆ.
ಚಪ್ಪಲಿ ಕೈಯಲ್ಲಿ ಹಿಡಿದು
ಹಿಂಬಾಗಿಲಿಂದ ಜಾರುತ್ತಿದ್ದವಳನ್ನು
ತಡೆದಳು:
ಬಾಯೀ, ಕದ್ದು ಹೋಗಬೇಡಿ. ಹೇಳಿ ಹೋಗಿ.
ಹೋಗ್ತೇನೆ ಅಂತ ಮಾತ್ರ ಅನ್ನಬೇಡಿ.

ಅತ್ತ.
ಅಳಲಿ, ಅಂದಳು.

ಕದ್ರಾ ದಾಟುವಾಗಲೂ ನನ್ನ ಬಾಯಲ್ಲಿ
ಬರ್ತೇನೆ, ಬರ್ತೇನೆ.
ಪಕ್ಕದ ಸೀಟಿನವಳು ಕೇಳಿದಳು:
ಎಲ್ಲಿಗೆ?