ರೂವಿ, ಅಂಗಡಿ ಮುಚ್ಚುವ ಹೊತ್ತು

"ಇನ್ನೇನೂ ಬರೀಬೇಡ ಇದರಲ್ಲಿ" ಎಂದೆ.
ಬೆಂಕಿ ಮುಟ್ಟಿದಂತೆ ಲ್ಯಾಪ್‌ಟಾಪ್ ಬಿಟ್ಟ
ಟೈಮ್‌ಕೀಪರ್ ಕುಂಞಿಮೋನು.
ನಾಲ್ಕು ತಿಂಗಳ ಓವರ್‌ಟೈಮ್ ಲೆಕ್ಕ. ಯಾರೋ ಅಳಿಸಿದ್ದಾರೆ.
ಯಾರೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಳಿಸುವುದೆಂದರೆ ಇಷ್ಟೇ ಮಾರಾಯ:
ಬಾಗಿಲ ಮೇಲಿನ ಹೆಸರು ಕಿತ್ತು
ಕೋಣೆ ಖಾಲಿ ಎಂದು ಪಟ್ಟಿಯಲ್ಲಿ ಬರೆದುಕೊಳ್ಳುವುದು.
ಒಳಗಿದ್ದವ ಒಳಗೇ ಮಲಗಿರುತ್ತಾನೆ
ಬೇರೊಬ್ಬ ಬಂದು ಅವನ ಮೇಲೆಯೇ ಹಾಸಿಗೆ ಬಿಡಿಸುವ ತನಕ.

ಡಿಸ್ಕು ಕಳಚಿ, ಬರಹ ತಾಗದಂತೆ ಬೇರೆ ಯಂತ್ರಕ್ಕೆ ಕಟ್ಟಿದೆ.
ಒಂಬತ್ತು ಪರ್ಸೆಂಟ್. ಸುಲೈಮಾನಿ ಬಂತು, ಆರಿತು.
ಇಶಾ ಬಾಂಗು ಮುಗಿದರೂ ಹನ್ನೆರಡು.
ಅವನು ಎ.ಸಿ.ಯಡಿ ಬೆವರುತ್ತಿದ್ದ.

ಆಮೇಲೆ ಬಂದವು, ಹೆಸರು ಕಳಕೊಂಡು,
ಬರೀ ನಂಬರು ಹೊತ್ತು ಒಂದೊಂದೇ ಫೈಲು.
ತೆರೆದರೆ ಜುಲೈ; ನಡುವೆ ಹನ್ನೊಂದು ಸಾಲು
ಗೆದ್ದಲು ತಿಂದಂತೆ ಚೌಕ, ಚೌಕ, ಪ್ರಶ್ನೆಚಿಹ್ನೆ.

ಪರದೆಯ ಮೇಲೆ ಬೆರಳೂರಿದ:
"ಬ್ಯಾಡ್ಜು ಸಾವಿರದ ನೂರ ಎಂಬತ್ತೇಳು,
ಇವ ಲಿಂಗಸುಗೂರಿನ ಅಮರಪ್ಪ. ಇದು ರಾಮ್‌ಪರ್ವೇಶ್.
ಇವ ಊರಿಗೆ ಪೆಟ್ಟಿಗೆಯಲ್ಲಿ ಹೋದ,
ಗಂಟೆಗಳು ಇಲ್ಲೇ ಇವೆ ನೋಡು."

ಹೊಸ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಎರಡು ರಿಯಾಲ್ ಎಂದೆ.
ಮೂರು ಕೊಟ್ಟು, ಬೂಟು ಬಿಚ್ಚಿ,
ಸಾಕ್ಸಿನೊಳಗೆ ಅದನ್ನು ತುರುಕಿಕೊಂಡು
ಗಾಲಾದ ಕೊನೆ ಬಸ್ಸಿಗೆ ಕುಂಟುತ್ತ ಓಡಿದ.