ಕಬ್ಬಿನ ಕ್ಯೂನಲ್ಲಿ ಜವರನ ಅಭಿಪ್ರಾಯಗಳು

ಮುಂದೆ ಅರವತ್ತು ಟ್ರ್ಯಾಕ್ಟರು, ಹಿಂದೆ ಎಷ್ಟೋ.
ಮಂಡ್ಯದ ಗಾಳಿಗೆ ಹತ್ತಿದ ಕಾಕಂಬಿ ವಾಸನೆ
ರಾತ್ರಿ ಹನ್ನೊಂದಾದ್ರೂ ಬಿಡ್ಲಿಲ್ಲ.
ನಾನು ಕೊತ್ತತ್ತಿ ಜವರ. ಮಡ್‌ಗಾರ್ಡ್ ಮೇಲೆ ಕುಂತು
ಗಾಡಿ ಬ್ಯಾಟ್ರಿಯಿಂದ ವೈರೆಳೆದು
ಫೋನಿಗೆ ಕರೆಂಟು ಕುಡಿಸ್ತಾ ಇದ್ದೆ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ:
ಹಳೇ ಬಟನ್ ಫೋನು ಎಮ್ಮೆ ಇದ್ದಂಗೆ.
ಕೆರೆಗೆ ಬಿದ್ರೂ ಮೈ ಒದರ್ಕೊಂಡು ಎದ್ದು ಬರೋದು,
ವಾರಕ್ಕೊಂದ್ಸಲ ಮೇವು ಹಾಕಿದ್ರೆ ಸಾಕು.
ಇದು ಸೀಮೆ ಹಸ. ಹೊತ್ತೊತ್ತಿಗೆ ಹಾಕ್ಬೇಕು,
ಬಿಸ್ಲಾದ್ರೆ ಏದುಸಿರು,
ಎರಡು ವರ್ಷಕ್ಕೆ ಅಂಗ್ಡಿ ಹುಡ್ಗ ತಿರುಗಿಸಿ ನೋಡಿ
"ಇದರ ಪಾರ್ಟು ಬರಲ್ಲಣ್ಣ" ಅಂತಾನೆ.
ಆದ್ರೂ ಹಾಲು ಜಾಸ್ತಿ, ಸುಳ್ಳು ಹೇಳ್ಬಾರ್ದು.

ಅದರ ಕ್ಯಾಮೆರಾ ಒಂದು ನಂಗಾಗಲ್ಲ.
ಕೇಳದೇನೇ ಮಖಕ್ಕೆ ಸುಣ್ಣ ಹೊಡೀತದೆ.
ಕಬ್ಬಿನ ಗರಿ ಗೀಚಿದ ಗೀರು, ಹುಬ್ಬಿನ ಮೇಲಿನ ಹೊಲಿಗೆ
ಎಲ್ಲಾ ಒರೆಸಿ
ಯಾವನೋ ಬ್ಯಾಂಕ್ ಮ್ಯಾನೇಜರನ್ನ ತಂದು
ನನ್ನ ಅಂಗಿಯೊಳಗೆ ಕೂರಿಸ್ತದೆ.
ಹೊಂಬಾಳಮ್ಮಂಗೆ ಕಳಿಸ್ದೆ. "ಯಾರಿದು?" ಅಂತ ಬರೆದ್ಲು.
ಹೆಂಡ್ತಿ. ಹದಿನಾರು ವರ್ಷದಿಂದ.

ಇನ್ನು ಗ್ರೂಪು. ಹೆಸರು 'ಕಬ್ಬು ಲೋಡು ಎರಡು'.
ಒಂದನೇದು ಜಗಳ ಆಗಿ ಮುಚ್ಚೋಯ್ತು.
ಬೆಳಿಗ್ಗೆ ಐದಕ್ಕೆಲ್ಲ ಗುಲಾಬಿ, ಶುಭೋದಯ.
ಬದೀಲಿ ಎದುರು ಸಿಕ್ರೆ ಮಖ ತಿರುವೋರು
ಇಲ್ಲಿ ಹೂವ ಸುರೀತಾರೆ.
ಇವತ್ತು ಸಂಜೆ, ಕ್ಯೂ ಹಾರಿದ ವಿಷಯಕ್ಕೆ
ಮಾಯಿಗೌಡನಿಗೂ ನಂಗೂ ಹತ್ಕೊಂತು.
ನಾನು ಬಾಯಿಗೆ ಬಂದದ್ದು ವಾಯ್ಸಲ್ಲಿ ಹಾಕ್ದೆ.
ಅವನು ಕೆಂಪು ಮಖದ ಗೊಂಬೆ ಹನ್ನೆರಡು ಒತ್ತಿ
ಲೆಫ್ಟ್ ಆದ.
ಹತ್ತು ನಿಮಿಷಕ್ಕೆ, ಮೂರು ಗಾಡಿ ಹಿಂದಿಂದ ನಡ್ಕೊಂಡು ಬಂದು
"ಬೆಂಕಿಪೊಟ್ಣ ಅದೇನ್ಲಾ?" ಅಂದ.
ಲೆಫ್ಟ್ ಆದೋನು ನನ್ನ ರೈಟಿಗೆ ನಿಂತು ಬೀಡಿ ಹಚ್ಚಿದ.
ಗ್ರೂಪಿನ ಮಾತು ನಾನೂ ಎತ್ಲಿಲ್ಲ, ಅವನೂ.
ವಾಪಸ್ ಸೇರಿಸ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ.
ಅಡ್ಮಿನ್ ನಾನೇ.

ಆಟದ ವಿಷಯ ಹೇಳೋಕೆ ನಾಚ್ಕೆ. ನಲವತ್ತೊಂದು ನಂಗೆ.
ಮಗ ಕಲ್ಸಿದ್ದು. ಅವನು ಬಿಟ್ಟ, ನಾನು ಬಿಟ್ಟಿಲ್ಲ.
ನಾಲ್ಕು ಜನರ ಗುಂಪು, ಮೂವರು ಯಾರ್ಯಾರೋ.
ಎರಡು ಗಂಟೆ ಹೊತ್ಗೆ ಒಂದು ಹಳದಿ ಗೋಡೆ ಹಿಂದೆ
ಗುಂಡು ತಿಂದು ಮಂಡಿಯೂರಿದ್ದೆ.
ಒಬ್ಬ ಹುಡುಗ, ದನಿ ಇನ್ನೂ ಒಡೆದಿಲ್ಲ,
ಭಾಷೆ ಮರಾಠಿಯೋ ಏನೋ,
ಅಷ್ಟು ಗುಂಡಿನ ನಡುವೆ ತೆವಳ್ಕೊಂಡು ಬಂದು
ಪಕ್ಕ ಕುಂತು ಔಸ್ತಿ ಹಾಕಿ ಎಬ್ಬಿಸ್ದ.
ಹೋದ ವರ್ಷ ನಾಲೆ ಏರಿ ಮೇಲೆ ಬೈಕಿಂದ ಬಿದ್ದಾಗ
ನಮ್ಮೋರು ಮೊದಲು ವಿಡಿಯೋ ಮಾಡಿದ್ರು.

ಎದ್ದು, ಇಬ್ರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ವಿ,
ಶಿಳ್ಳೆ ಬಿತ್ತು. ಕ್ಯೂ ಕದಲ್ತು.
ಹಿಂದಿನೋನು ಹಾರ್ನ್ ಒತ್ತಿ ನಮ್ಮವ್ವನ್ನ ನೆನೆದ.
ಫೋನು ಬೋರಲಾಕಿ ಗೇರ್ ಹಾಕ್ದೆ.
ಸೀಟಿನ ಪಕ್ಕದಿಂದ ಆ ದನಿ ಬರ್ತಾನೇ ಇತ್ತು,
ಅಂಕಲ್, ಅಂಕಲ್.
ನಾನು ಅಂಕಲ್ಲು ಅಂತ ಅವನಿಗೆ ಹೆಂಗೆ ಗೊತ್ತಾಯ್ತು?

ಬೆಳಗಿನ ಜಾವ ತೂಕದ ಕಟ್ಟೆ.
"ಡ್ರೈವರ್ ಇಳೀರಿ" ಅಂದ್ರು. ಇಳಿದೆ.
ಫೋನು ಗಾಡೀಲೇ ಉಳೀತು.
ಕೆಂಪು ಅಂಕಿ ಓಡಿ ಓಡಿ ಒಂದು ಕಡೆ ನಿಂತ್ಕೊಂಡ್ವು.
ಕಬ್ಬು, ಟ್ರೈಲರು, ಡೀಸೆಲ್ಲು,
ಗೋಡೆ ಹಿಂದೆ ಒಬ್ಬನೇ ಉಳಿದ ಹುಡುಗ,
ಇನ್ನೂರು ಜನ ಜಗಳಗಂಟರು, ಅವರ ಗುಲಾಬಿ,
ನಾನಲ್ಲದ ಆ ಬ್ಯಾಂಕ್ ಮ್ಯಾನೇಜರು,
ಎಲ್ಲಾ ಸೇರಿ.
ಆಮೇಲೆ ಖಾಲಿ ಗಾಡಿ ತೂಗಿ ಕಳೀತಾರಲ್ಲ,
ಆಗ ಕಬ್ಬೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಳೆದೋಯ್ತವೆ.

ಚೀಟಿ ಜೇಬಿಗಿಟ್ಟು, ಟೀ ಅಂಗ್ಡಿ ಮುಂದೆ ನಿಂತು
ಮಾಯಿಗೌಡನ್ನ ಗ್ರೂಪಿಗೆ ಸೇರಿಸ್ದೆ.
ಕ್ಯೂನಲ್ಲಿ ಇನ್ನೂ ನಿಂತೇ ಇದ್ದ.
ಗುಲಾಬಿ ಹಾಕ್ದ, ನನ್ಮಗ. ಶುಭೋದಯ ಅಂತೆ.